ಏರ್ ರೈಫಲ್ ರೇಂಜಿನಲ್ಲಿ ಮೊದಲ ದಿನ: ಹಾಸನ, ಚಿಕ್ಕಮಗಳೂರಿನವರಿಗೆ ಹಂತ ಹಂತದ ಮಾರ್ಗದರ್ಶಿ

ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಒಂದೇ. "ಒಂದು ದಿನ ರೇಂಜಿಗೆ ಹೋಗಿ ಗುರಿ ಹೊಡೆದು ನೋಡಬೇಕು. ಲೈಸೆನ್ಸ್ ಬೇಕಾ? ಸ್ವಂತ ಗನ್ ಇರಬೇಕಾ? ಹೋಗಿ ಏನು ಮಾಡಬೇಕು?" ಕೇಳುವವರಲ್ಲಿ ಎರಡು ಬಗೆ. ಗನ್ನನ್ನು ಮುಟ್ಟಿಯೇ ಗೊತ್ತಿಲ್ಲದವರು ಒಂದು ಬಗೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆಯ ತೋಟದ ಮನೆಗಳಲ್ಲಿ ಕೋವಿ ನೋಡಿಕೊಂಡೇ ಬೆಳೆದವರು ಇನ್ನೊಂದು ಬಗೆ. ರೇಂಜಿನಲ್ಲಿ ಮೊದಲ ದಿನ ಹೆಚ್ಚು ಕಷ್ಟಪಡುವವರು ಎರಡನೆಯವರು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಇಲ್ಲಿ ಹೇಳುತ್ತಿರುವುದು 10 ಮೀಟರ್ ಏರ್ ರೈಫಲ್ ಬಗ್ಗೆ. ಮದ್ದಿಲ್ಲದೆ, ಗಾಳಿಯ ಒತ್ತಡದಿಂದ 4.5 ಮಿ.ಮೀ. ಸೀಸದ ಪೆಲೆಟ್ ಹಾರಿಸುವ ಬಂದೂಕು ಇದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದದ್ದು ಅಷ್ಟೇ ದೂರದ ಏರ್ ಪಿಸ್ತೂಲಿನಲ್ಲಿ. ಹೊಸಬರಿಗೆ ರೈಫಲ್ಲೇ ಒಳ್ಳೆಯದು. ಪಿಸ್ತೂಲ್ ಒಂದೇ ಕೈಯಲ್ಲಿ ಹಿಡಿಯುವಂಥದ್ದು, ಎರಡು ಸೈಟ್‌ಗಳ, ಅಂದರೆ ಗುರಿ ನೋಡಲು ಬಂದೂಕಿನ ಹಿಂದೆ ಮುಂದೆ ಇರುವ ಸಾಧನಗಳ, ನಡುವಿನ ಅಂತರವೂ ಕಡಿಮೆ. ಹಾಗಾಗಿ ಕೈ ಅಲುಗಿದ್ದೆಲ್ಲ ಟಾರ್ಗೆಟ್ ಮೇಲೆ ದೊಡ್ಡದಾಗಿ ಕಾಣುತ್ತದೆ.

ಒಂದು ಮಾತು ಈಗಲೇ ತಲೆಯಲ್ಲಿಟ್ಟುಕೊಳ್ಳಿ. ಮೊದಲ ದಿನ ನೀವು ಹುಡುಕಬೇಕಾದ್ದು ಹತ್ತು ಅಂಕವನ್ನಲ್ಲ, ಗ್ರೂಪನ್ನು. ಗ್ರೂಪ್ ಅಂದರೆ ಒಂದರ ಪಕ್ಕ ಒಂದು ಒತ್ತಾಗಿ ಬಿದ್ದ ರಂಧ್ರಗಳ ಗುಂಪು. ಐದು ಗುಂಡು ಒಂದು ರೂಪಾಯಿ ನಾಣ್ಯದ ಅಗಲದೊಳಗೆ ಬಿದ್ದಿವೆ, ಆದರೆ ಎಲ್ಲವೂ ಎಡ ಮೂಲೆಯಲ್ಲಿವೆ ಅಂದರೆ ನಿಮ್ಮ ಶೂಟಿಂಗ್ ಸರಿಯಿದೆ, ಸೈಟ್ ತಿದ್ದಿದರೆ ಮುಗಿಯಿತು. ಒಂದು ಹತ್ತು, ಒಂದು ನಾಲ್ಕು, ಒಂದು ಕಾಗದದಾಚೆ ಅಂದರೆ ಆ ಹತ್ತು ಅದೃಷ್ಟದ್ದು, ಅದರಿಂದ ಏನೂ ಕಲಿಯಲಾಗದು.

ಕಾನೂನು, ಚುಟುಕಾಗಿ

ರೇಂಜಿನಲ್ಲಿ ಕೋಚ್ ಎದುರು, ರೇಂಜಿನದೇ ಏರ್ ರೈಫಲ್‌ನಿಂದ ಗುರಿ ಹೊಡೆಯಲು ನಿಮಗೆ ಪರವಾನಗಿ ಬೇಡ. ಗುರುತಿನ ಚೀಟಿ ಸಾಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಇಂಚು, ಅಂದರೆ 4.5 ಮಿ.ಮೀ. ಬೋರ್‌ನ (ನಳಿಗೆಯ ಒಳ ಅಗಲದ), 20 ಜೌಲ್ ಶಕ್ತಿ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಕಿಲ್ಲ. ಅದಕ್ಕಿಂತ ದೊಡ್ಡ ಬೋರ್ ಅಥವಾ ಹೆಚ್ಚು ಶಕ್ತಿಯದಾದರೆ ಬೇಕು.

ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಅದು ಆಟಿಕೆಯಲ್ಲ. ಹತ್ತಿರದಿಂದ ತಗುಲಿದರೆ ಕಣ್ಣು ಹೋಗುತ್ತದೆ, ಚರ್ಮದೊಳಗೆ ನಾಟುತ್ತದೆ. ಅದನ್ನು ಹಕ್ಕಿಯ ಕಡೆ, ಕಾಡುಪ್ರಾಣಿಯ ಕಡೆ ತಿರುಗಿಸಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಯ ಮೊಕದ್ದಮೆ ಬೀಳುತ್ತದೆ. ಗುಂಡು ತಗುಲಿತೋ ಇಲ್ಲವೋ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ, ಪ್ರಯತ್ನವೂ ಬೇಟೆಯೇ.

ಹಂತ 1: ರೇಂಜಿಗೆ ಫೋನ್ ಮಾಡಿ

ಜಿಲ್ಲಾ ಕೇಂದ್ರದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಯಲ್ಲಿ ಮೊದಲು ವಿಚಾರಿಸಿ. ಎನ್‌ಸಿಸಿ ಇರುವ ಕಾಲೇಜುಗಳಲ್ಲೂ ಯಾರಾದರೂ ದಾರಿ ತೋರಿಸುತ್ತಾರೆ. ಪೊಲೀಸ್ ಇಲಾಖೆಯ ಫೈರಿಂಗ್ ರೇಂಜ್‌ಗೆ ಸಾರ್ವಜನಿಕರು ಸುಮ್ಮನೆ ಹೋಗುವಂತಿಲ್ಲ. ಇಲಾಖೆ ನಾಗರಿಕರಿಗಾಗಿ ಬಂದೂಕು ತರಬೇತಿ ಶಿಬಿರ ಕರೆದಾಗ ಅರ್ಜಿ ಹಾಕಿ ಸೇರಬೇಕು. ಅದು ಬೇರೆಯೇ ವಿಷಯ, ಅಲ್ಲಿ ನಿಜವಾದ ತೋಟಾ ಹಾರಿಸುವುದು.

ಫೋನಿನಲ್ಲಿ ಇಷ್ಟು ಕೇಳಿ: ಹೊಸಬರಿಗೆ ಕೋಚ್ ಜೊತೆಗಿರುತ್ತಾರಾ? ದರ ಗಂಟೆಯ ಲೆಕ್ಕವೋ ಪೆಲೆಟ್ ಲೆಕ್ಕವೋ? ಬಂದೂಕು ಸ್ಪ್ರಿಂಗ್‌ದೋ ಪಿಸಿಪಿಯೋ? ಮಕ್ಕಳಿಗೆ ವಯಸ್ಸಿನ ಮಿತಿ ಎಷ್ಟು? ಎಡಗೈಯವರಿಗೆ ಹೊಂದುವ ಬಂದೂಕು ಇದೆಯಾ?

ಸ್ಪ್ರಿಂಗ್ ಬಂದೂಕೆಂದರೆ ನಳಿಗೆಯನ್ನು ಮುರಿದಂತೆ ಬಾಗಿಸಿ ಒಳಗಿನ ಸ್ಪ್ರಿಂಗನ್ನು ಎಳೆದು ಕೂರಿಸುವಂಥದ್ದು. ಪಿಸಿಪಿ ಅಂದರೆ ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಟ್ಟಿರುವುದು. ಆಯ್ಕೆ ಇದ್ದರೆ ಪಿಸಿಪಿ ಕೇಳಿ. ಒದೆತ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ನಿಮ್ಮ ತಪ್ಪು ನಿಮ್ಮದೇ ಎಂದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಸ್ಪ್ರಿಂಗ್ ಬಂದೂಕಿನಲ್ಲಿ ಪೆಲೆಟ್ ನಳಿಗೆ ಬಿಡುವ ಮೊದಲೇ ಪಿಸ್ಟನ್ ಮುಂದಕ್ಕೆ ನುಗ್ಗಿ ಬಂದೂಕು ಕುಲುಕಿರುತ್ತದೆ. ಅದನ್ನು ಬಿಗಿಯಾಗಿ ಅಮುಕಿ ಹಿಡಿದರೆ ಗುಂಡು ಚದುರುತ್ತದೆ. ಮುಂದಿನ ಅಂಗೈ ಮೇಲೆ ಸಡಿಲವಾಗಿ ಕೂರಿಸಿ ಹಾರಿಸಬೇಕು.

ಹಂತ 2: ಹೊರಡುವ ಮುನ್ನ

ಆಧಾರ್ ಅಥವಾ ಬೇರೆ ಗುರುತಿನ ಚೀಟಿ, ನೀರು, ಬೆವರು ಒರೆಸಲು ಟವೆಲ್, ಒಂದು ಪೆನ್ನು. ಮುಖಕ್ಕೆ ಸರಿಯಾಗಿ ಕೂರುವ ರಕ್ಷಣಾ ಕನ್ನಡಕ. ಅದು ರೇಂಜಿನಲ್ಲೇ ಸಿಗಬಹುದು, ಕೇಳಿಕೊಳ್ಳಿ. ಪೆಲೆಟ್ ಗಟ್ಟಿ ಜಾಗಕ್ಕೆ ಬಡಿದರೆ ಚೂರು ಹಿಂದಕ್ಕೆ ಹಾರುವುದುಂಟು. ತಳ ಚಪ್ಪಟೆಯಾದ ಶೂ ಹಾಕಿ. ಮೆತ್ತನೆ ಅಟ್ಟೆಯ ರನ್ನಿಂಗ್ ಶೂನಲ್ಲಿ ಮೈ ತೂಗಾಡುತ್ತದೆ, ಚಪ್ಪಲಿಯಂತೂ ಬೇಡವೇ ಬೇಡ. ದಪ್ಪ ಜರ್ಕಿನ್ ತೊಟ್ಟರೆ ಬಟ್, ಅಂದರೆ ಬಂದೂಕಿನ ಹಿಂಭಾಗ, ಭುಜದಲ್ಲಿ ಪ್ರತಿ ಸಲ ಬೇರೆ ಬೇರೆ ಕಡೆ ಕೂರುತ್ತದೆ. ಮೈಗಂಟುವ ಒಂದು ಸ್ವೆಟರ್ ಸಾಕು.

ತಿಂಡಿ ಒಂದೂವರೆ ಗಂಟೆ ಮೊದಲೇ, ಹಿತಮಿತವಾಗಿ. ಕಾಫಿ ಬಗ್ಗೆ ಈ ಊರಿನಲ್ಲಿ ಹೇಳಲೇಬೇಕು: ದಿನಾ ಕುಡಿಯುವಷ್ಟು ಕುಡಿಯಿರಿ, ಹೆಚ್ಚು ಬೇಡ. ಹೊರಡುವ ಮುಂಚೆ ಸ್ಟ್ರಾಂಗ್ ಆಗಿ ಇನ್ನೊಂದು ಲೋಟ ಇಳಿಸಿದರೆ ನಾಡಿಮಿಡಿತ ಸೈಟಿನೊಳಗೆ ಕುಣಿಯುವುದು ಕಣ್ಣಿಗೇ ಕಾಣುತ್ತದೆ. ಅಭ್ಯಾಸ ಇರುವವರು ಪೂರ್ತಿ ಬಿಟ್ಟು ಹೋದರೂ ತಲೆನೋವು ಬಂದು ಕೆಡುತ್ತದೆ.

ಮನೆಯ ಕೋವಿಯನ್ನು ತರಬೇಡಿ. ಏರ್ ರೇಂಜಿನಲ್ಲಿ ಟಾರ್ಗೆಟಿನ ಹಿಂದೆ ಪೆಲೆಟ್ ಹಿಡಿಯುವ ಪೆಟ್ಟಿಗೆ ತೋಟಾದ ಹೊಡೆತ ತಡೆಯಲು ಮಾಡಿದ್ದಲ್ಲ.

ಹಂತ 3: ಫೈರಿಂಗ್ ಲೈನ್‌ನಲ್ಲಿ ಶಿಸ್ತು

ಇದರಲ್ಲಿ ರಿಯಾಯಿತಿ ಇಲ್ಲ. ಗುಂಡು ಇಲ್ಲ ಎಂದು ಎಷ್ಟೇ ಖಾತ್ರಿ ಇದ್ದರೂ, ಇದೆ ಅಂದುಕೊಂಡೇ ಹಿಡಿಯಿರಿ. ನಳಿಗೆಯ ಬಾಯಿ ಸದಾ ಟಾರ್ಗೆಟ್ ಕಡೆಗೇ. ಗುರಿ ಹಿಡಿದು ಹೊಡೆಯಲು ನಿರ್ಧರಿಸುವವರೆಗೆ ಬೆರಳು ಟ್ರಿಗರ್ ಕಾವಲಿನ ಹೊರಗೆ. ಗುರಿಯ ಹಿಂದೆ ಏನಿದೆ ಎಂದು ಗೊತ್ತಿರಬೇಕು.

ಕೋಚ್ ನಾಲ್ಕು ಆಜ್ಞೆ ಕೊಡುತ್ತಾರೆ. "ಲೋಡ್" ಅಂದರೆ ಪೆಲೆಟ್ ತುಂಬಬಹುದು. "ಸ್ಟಾರ್ಟ್" ಅಂದರೆ ಹೊಡೆಯಬಹುದು. "ಸ್ಟಾಪ್" ಅಂದರೆ ಆ ಕ್ಷಣಕ್ಕೇ ನಿಲ್ಲಿಸಬೇಕು, ಟ್ರಿಗರ್ ಅರ್ಧ ಒತ್ತಿದ್ದರೂ. "ಅನ್‌ಲೋಡ್" ಅಂದರೆ ಖಾಲಿ ಮಾಡಿ ಸೇಫ್ಟಿ ಫ್ಲ್ಯಾಗ್ ಹಾಕಬೇಕು. ಇದು ನಳಿಗೆಯುದ್ದಕ್ಕೂ ತೂರಿಸುವ ಬಣ್ಣದ ದಾರ. ದಾರ ಎರಡೂ ತುದಿಯಲ್ಲಿ ಕಂಡರೆ ಒಳಗೆ ಪೆಲೆಟ್ ಇಲ್ಲ ಎಂದು ಎಲ್ಲರಿಗೂ ಗೊತ್ತಾಗುತ್ತದೆ.

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ: ಟ್ರಿಗರ್ ಒತ್ತಿದರೂ ಗುಂಡು ಹಾರಲಿಲ್ಲ ಅಂದಾಗ "ಸರ್, ಏನಾಯ್ತು ನೋಡಿ" ಎನ್ನುತ್ತ ಬಂದೂಕು ಸಮೇತ ಹಿಂದಕ್ಕೆ ತಿರುಗುತ್ತಾರೆ. ಪಕ್ಕದವರೆಲ್ಲ ನಳಿಗೆಯ ಎದುರಿಗೆ ಬರುತ್ತಾರೆ. ತೊಂದರೆಯಾದರೆ ನಳಿಗೆ ಮುಂದಕ್ಕೇ ಇರಲಿ, ಇನ್ನೊಂದು ಕೈ ಎತ್ತಿ ನಿಲ್ಲಿ. ಕೋಚ್ ನಿಮ್ಮ ಬಳಿಗೆ ಬರುತ್ತಾರೆ.

ಫೋಟೊ, ಸೆಲ್ಫಿ ಏನಿದ್ದರೂ ಫ್ಲ್ಯಾಗ್ ಹಾಕಿದ ಮೇಲೆ, ಕೋಚ್ ಒಪ್ಪಿದ ಮೇಲೆ.

ಹಂತ 4: ಯಾವ ಕಣ್ಣು?

ಎರಡೂ ಅಂಗೈ ಮುಂದೆ ಚಾಚಿ ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದು ಆ ಕಿಂಡಿಯಿಂದ ದೂರದ ಒಂದು ಬಲ್ಬ್ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಬಲ್ಬ್ ಕಿಂಡಿಯೊಳಗೇ ಉಳಿಯುತ್ತದೋ ಅದೇ ನಿಮ್ಮ ಪ್ರಬಲ ಕಣ್ಣು. ಬಲಗೈಯವರಿಗೆ ಎಡಗಣ್ಣು ಪ್ರಬಲವಾಗಿದ್ದರೆ ಎಡ ಭುಜದಿಂದಲೇ ಹೊಡೆದು ನೋಡುವುದು ಒಳ್ಳೆಯದು, ಮೊದಲ ದಿನವೇ ಆದರೆ ಬೇಗ ಒಗ್ಗುತ್ತದೆ.

ಇನ್ನೊಂದು ಕಣ್ಣನ್ನು ಬಿಗಿಯಾಗಿ ಮುಚ್ಚಬೇಡಿ. ಒಂದು ಕಡೆ ಮುಖ ಸೆಳೆದರೆ ತೆರೆದ ಕಣ್ಣೂ ದಣಿಯುತ್ತದೆ. ಗುರಿ ನೋಡದ ಕಣ್ಣಿನ ಮುಂದೆ ಬಿಳಿ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು ಎರಡೂ ಕಣ್ಣು ತೆರೆದಿರುವುದು ರೂಢಿ.

ಹಂತ 5: ಮೊದಲು ಮೇಜಿನ ಆಸರೆ, ಆಮೇಲೆ ನಿಲ್ಲುವುದು

ಮ್ಯಾಚ್ ರೈಫಲ್, ಅಂದರೆ ಸ್ಪರ್ಧೆಗೆಂದೇ ಮಾಡಿದ ರೈಫಲ್, 4ರಿಂದ 5 ಕೆ.ಜಿ. ತೂಗುತ್ತದೆ. ನೇರವಾಗಿ ನಿಂತು ಶುರು ಮಾಡಿದರೆ ತೋಳು ಸೋತು ಹತ್ತೇ ನಿಮಿಷಕ್ಕೆ ಬೇಸರ ಬರುತ್ತದೆ. ಮೊದಲ ಹತ್ತು ಗುಂಡು ಮೇಜಿನ ಮೇಲಿನ ಮರಳು ಚೀಲಕ್ಕೆ ಆನಿಸಿ, ಕೂತು ಹೊಡೆಯಿರಿ. ಆಸರೆ ಸಿಗಬೇಕಾದ್ದು ಬಂದೂಕಿನ ಮರಕ್ಕೆ. ನಳಿಗೆಯನ್ನು ನೇರವಾಗಿ ಚೀಲದ ಮೇಲೆ ಇಟ್ಟರೆ ಗುಂಡು ದಾರಿ ತಪ್ಪುತ್ತದೆ.

ನಿಂತಾಗ ಬಲಗೈಯವರು ಎಡಮಗ್ಗುಲನ್ನು ಟಾರ್ಗೆಟ್ ಕಡೆಗಿಟ್ಟು ಅಡ್ಡಡ್ಡ ನಿಲ್ಲಬೇಕು. ಕಾಲುಗಳ ನಡುವೆ ಭುಜದಗಲ ಅಂತರ. ಎಡ ಸೊಂಟವನ್ನು ತುಸು ಮುಂದೆ ತಳ್ಳಿ ಎಡ ಮೊಣಕೈಯನ್ನು ಅದರ ಮೇಲೆ, ಅಥವಾ ಪಕ್ಕೆಲುಬಿಗೆ, ಒರಗಿಸಿ. ಬಂದೂಕಿನ ಭಾರ ಮೂಳೆಗಳ ಮೂಲಕ ನೆಲಕ್ಕೆ ಇಳಿಯಬೇಕು, ತೋಳಿನ ಸ್ನಾಯು ಹೊರಬಾರದು. ತಲೆ ನೆಟ್ಟಗಿರಲಿ, ಸೈಟ್ ಕಣ್ಣಿನ ಬಳಿಗೆ ಬರಲಿ. ಕತ್ತು ಬಗ್ಗಿಸಿ ಸೈಟನ್ನು ಹುಡುಕಿಕೊಂಡು ಹೋಗಬೇಡಿ.

ಈಗ ಬಹಳ ಮುಖ್ಯವಾದ ಪರೀಕ್ಷೆ. ಗುರಿ ಹಿಡಿದು, ಕಣ್ಣು ಮುಚ್ಚಿ, ಎರಡು ಸಲ ನಿರಾಳವಾಗಿ ಉಸಿರಾಡಿ, ಕಣ್ಣು ತೆರೆಯಿರಿ. ಸೈಟ್ ಎಲ್ಲಿ ನಿಂತಿದೆಯೋ ಅದು ನಿಮ್ಮ ಮೈಯ ಸಹಜ ಗುರಿ. ಟಾರ್ಗೆಟಿನಿಂದ ಎಡಕ್ಕೋ ಬಲಕ್ಕೋ ಇದ್ದರೆ ಕೈಯಿಂದ ಎಳೆದು ತರಬೇಡಿ, ಹಿಂಗಾಲನ್ನು ಒಂದಿಷ್ಟು ಸರಿಸಿ ಇಡೀ ಮೈ ತಿರುಗಿಸಿ. ಕೈಯಿಂದ ಎಳೆದು ತಂದದ್ದು ಟ್ರಿಗರ್ ಒತ್ತುವ ಹೊತ್ತಿಗೆ ಹಳೆಯ ಜಾಗಕ್ಕೇ ಜಾರುತ್ತದೆ.

ಹಂತ 6: ಪೆಲೆಟ್ ತುಂಬುವುದು

ಟಾರ್ಗೆಟ್ ಶೂಟಿಂಗ್‌ಗೆ ಮೂತಿ ಚಪ್ಪಟೆಯಿರುವ ವ್ಯಾಡ್‌ಕಟರ್ ಪೆಲೆಟ್. ಕಾಗದದಲ್ಲಿ ಪಂಚ್ ಮಾಡಿದಂಥ ದುಂಡು ರಂಧ್ರ ಬೀಳುತ್ತದೆ, ಎಣಿಸಲು ಸುಲಭ. ಒಂದು ಪೆಲೆಟ್ ಸುಮಾರು ಅರ್ಧ ಗ್ರಾಂ. ಸೀಸ ಮೆತ್ತನೆಯ ಲೋಹ. ಕೆಳಗೆ ಬಿದ್ದು ಅಂಚು ನಗ್ಗಿದ ಪೆಲೆಟನ್ನು ಎತ್ತಿ ತುಂಬಬೇಡಿ, ಅದು ನೇರವಾಗಿ ಹೋಗುವುದಿಲ್ಲ. ಚಪ್ಪಟೆ ಮೂತಿ ಮುಂದಕ್ಕೆ, ಲಂಗದಂತೆ ಅಗಲವಾದ ಟೊಳ್ಳು ಬದಿ ಹಿಂದಕ್ಕೆ. ತಿರುಗು ಮುರುಗಾಗಿ ತುಂಬಿದರೆ ಗುಂಡು ಎಲ್ಲೆಲ್ಲೋ ಹೋಗುತ್ತದೆ.

ಸ್ಪ್ರಿಂಗ್ ಬಂದೂಕಿನಲ್ಲಿ ಎರಡು ಎಚ್ಚರಿಕೆ. ನಳಿಗೆ ಬಾಗಿಸಿ ಪೆಲೆಟ್ ಇಡುವಾಗ ಇನ್ನೊಂದು ಕೈಯಲ್ಲಿ ನಳಿಗೆಯನ್ನು ಗಟ್ಟಿಯಾಗಿ ಹಿಡಿದೇ ಇರಬೇಕು. ಕೊಕ್ಕೆ ತಪ್ಪಿದರೆ ನಳಿಗೆ ರಪ್ಪನೆ ಮೇಲೆ ಬಡಿದು ಬೆರಳು ಜಜ್ಜುತ್ತದೆ. ಮಕ್ಕಳಿಗೆ ಈ ಕೆಲಸ ಕೊಡಬೇಡಿ. ಇನ್ನೊಂದು, ಪೆಲೆಟ್ ಇಲ್ಲದೆ ಖಾಲಿ ಹಾರಿಸಬಾರದು. ಎದುರು ಒತ್ತಡವಿಲ್ಲದೆ ಪಿಸ್ಟನ್ ಹೋಗಿ ಗುದ್ದಿ ಒಳಗಿನ ಸೀಲ್ ಹಾಳಾಗುತ್ತದೆ. ಮ್ಯಾಚ್ ಪಿಸಿಪಿಗಳಲ್ಲಿ ಖಾಲಿ ಅಭ್ಯಾಸಕ್ಕೆಂದೇ ಒಂದು ಗುಂಡಿ ಇರುತ್ತದೆ, ಗಾಳಿ ಬಿಡದೆ ಟ್ರಿಗರ್ ಮಾತ್ರ ಕೆಲಸ ಮಾಡುತ್ತದೆ. ಕೋಚ್ ಬಳಿ ಕೇಳಿ ಹತ್ತು ನಿಮಿಷ ಇದನ್ನೇ ಮಾಡಿ. ಮೊದಲ ದಿನ ಅತಿ ಹೆಚ್ಚು ಕಲಿಸುವುದು ಈ ಹತ್ತು ನಿಮಿಷ.

ಹಂತ 7: ನೋಟ, ಉಸಿರು, ಟ್ರಿಗರ್

ಹಿಂದಿನ ಸೈಟಿನಲ್ಲಿ ಸೂಜಿ ಚುಚ್ಚಿದಂಥ ತೂತು, ಮುಂದಿನದರಲ್ಲಿ ಒಂದು ಉಂಗುರ. ತೂತಿನ ನಡುವೆ ಉಂಗುರ, ಉಂಗುರದ ನಡುವೆ ಟಾರ್ಗೆಟಿನ ಕಪ್ಪು, ಮೂರೂ ಒಂದರೊಳಗೊಂದು. ಕಪ್ಪಿನ ಸುತ್ತ ಉಂಗುರದೊಳಗೆ ಬಿಳಿ ಸುತ್ತು ಎದ್ದು ಕಾಣಬೇಕು. ಉಂಗುರ ತೀರಾ ಸಣ್ಣದಾದರೆ ಕಪ್ಪಿಗೂ ಉಂಗುರಕ್ಕೂ ವ್ಯತ್ಯಾಸ ತಿಳಿಯದೆ ಕಣ್ಣು ಮೋಸ ಹೋಗುತ್ತದೆ, ದೊಡ್ಡ ಉಂಗುರ ಹಾಕಿಸಿಕೊಳ್ಳಿ. ಕಣ್ಣಿನ ಗಮನ ಮುಂದಿನ ಉಂಗುರದ ಮೇಲಿರಲಿ. ಕಪ್ಪು ಸ್ವಲ್ಪ ಮಸುಕಾಗಿ ಕಂಡರೆ ಅದೇ ಸರಿ. ಯಾಕೆಂದರೆ ಎರಡು ಸೈಟ್‌ಗಳ ನಡುವೆ 80 ಸೆಂ.ಮೀ. ಅಂತರವಿದ್ದರೆ, ಉಂಗುರ ಒಂದೇ ಮಿ.ಮೀ. ಸರಿದರೂ 10 ಮೀಟರಿನಾಚೆ ಗುಂಡು ಹನ್ನೆರಡೂವರೆ ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಅಂದರೆ ಪೂರ್ತಿ ಐದು ಅಂಕ. ಬಂದೂಕನ್ನು ಪಕ್ಕಕ್ಕೆ ವಾಲಿಸಿದರೂ ಗುಂಡು ವಾಲಿದ ಕಡೆಗೆ ಸರಿಯುತ್ತದೆ.

ಉಸಿರು ಒಳಗೆ ತೆಗೆದುಕೊಂಡು, ಅರ್ಧಕ್ಕಿಂತ ಹೆಚ್ಚು ಬಿಟ್ಟು, ಅಲ್ಲೇ ನಿಲ್ಲಿಸಿ. ನಿಮಗಿರುವುದು ಐದರಿಂದ ಎಂಟು ಸೆಕೆಂಡು. ಅಷ್ಟರಲ್ಲಿ ಗುಂಡು ಹೋಗದಿದ್ದರೆ ಬಂದೂಕು ಇಳಿಸಿ ಮತ್ತೆ ಶುರು ಮಾಡಿ. ಹೆಚ್ಚು ಹೊತ್ತು ಹಿಡಿದಷ್ಟೂ ಕಣ್ಣು ಮಂಜಾಗಿ ಕೈ ನಡುಗುತ್ತದೆ. ಬಂದೂಕು ಇಳಿಸಲು ನಾಚಿಕೆ ಬೇಡ, ಒಲಿಂಪಿಕ್ಸ್ ಆಟಗಾರರೂ ಇಳಿಸುತ್ತಾರೆ.

ಟ್ರಿಗರ್ ಮೇಲೆ ಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಇರಲಿ. ಮ್ಯಾಚ್ ಟ್ರಿಗರಿಗೆ ಎರಡು ಘಟ್ಟ. ಮೊದಲು ಸಡಿಲವಾಗಿ ಹಿಂದೆ ಬಂದು ಒಂದು ಕಡೆ ತಡೆಯುತ್ತದೆ. ಅಲ್ಲಿಂದ ಮುಂದೆ ಇಷ್ಟಿಷ್ಟೇ ಒತ್ತಡ ಏರಿಸಬೇಕು. ಗುಂಡು ಯಾವ ಕ್ಷಣ ಹೋಯಿತು ಎಂದು ನಿಮಗೇ ತುಸು ಅಚ್ಚರಿಯಾಗಬೇಕು.

ತೋಟದವರು ಎಡವುವುದು ಇಲ್ಲೇ. ಜೋಡಿ ನಳಿಗೆ ಕೋವಿಯಲ್ಲಿ ಗುಂಡು ಚರೆಯಾಗಿ ಹರಡಿಕೊಂಡು ಹೋಗುತ್ತದೆ. ಕಣ್ಣು ಗುರಿಯ ಮೇಲಿಟ್ಟು ಕೋವಿ ಬೀಸುತ್ತ ಪಟ್ಟನೆ ಎಳೆದರೆ ಸಾಕು. ಅದರ ಟ್ರಿಗರಿಗೆ ಎರಡು ಕೆ.ಜಿ.ಯ ಆಸುಪಾಸು ಎಳೆತ ಬೇಕು. ಮ್ಯಾಚ್ ಏರ್ ರೈಫಲ್‌ನದು ನೂರು ಗ್ರಾಂ ಆಚೀಚೆ. ಕೋವಿಯ ರೂಢಿಯಲ್ಲಿ ಬೆರಳಿಟ್ಟರೆ ಗುರಿ ಹಿಡಿಯುವ ಮೊದಲೇ ಪೆಲೆಟ್ ಹೋಗಿರುತ್ತದೆ. ಭುಜ ಒದೆತಕ್ಕೆ ಕಾದು ಬಿಗಿಯಾಗಿ, ಗುಂಡು ಹೋಗುವ ಕ್ಷಣಕ್ಕೆ ಮೈ ಮುಂದಕ್ಕೆ ಅದುರುತ್ತದೆ. ನೀವು ಹಾಗೆ ಕಲಿತವರಾದರೆ ಖಾಲಿ ಅಭ್ಯಾಸವನ್ನು ಹತ್ತು ನಿಮಿಷದ ಬದಲು ಇಪ್ಪತ್ತು ನಿಮಿಷ ಮಾಡಿ.

ಗುಂಡು ಹೋದ ಮೇಲೂ ಎರಡು ಮೂರು ಸೆಕೆಂಡು ಹಾಗೇ ಸೈಟ್ ನೋಡುತ್ತ ನಿಲ್ಲಿ. ಇದನ್ನು ಫಾಲೋ ಥ್ರೂ ಅನ್ನುತ್ತಾರೆ. ಎಲ್ಲಿ ಬಿತ್ತು ಎಂದು ತಲೆ ಎತ್ತುವ ಆತುರದಲ್ಲೇ ಹೊಸಬರ ಅರ್ಧ ಗುಂಡು ಹಾಳಾಗುತ್ತವೆ.

ಹಂತ 8: ಐದು ಗುಂಡು, ಆಮೇಲೆ ಮಾತು

ಒಂದು ಗುಂಡಿಗೆ ಸೈಟ್ ತಿದ್ದಬೇಡಿ. ಐದು ಹೊಡೆದು ಕಾಗದ ತರಿಸಿ, ಗ್ರೂಪ್ ನೋಡಿ.

ರಂಧ್ರಗಳು ಮೇಲೆ ಕೆಳಗೆ ಸಾಲಾಗಿದ್ದರೆ ಉಸಿರು ಪ್ರತಿ ಸಲ ಬೇರೆ ಬೇರೆ ಕಡೆ ನಿಲ್ಲುತ್ತಿದೆ. ಎಡಕ್ಕೂ ಬಲಕ್ಕೂ ಹರಡಿದ್ದರೆ ಕಾಲಿನ ನಿಲುವು ನೋಡಿ, ಹಂತ 5ರ ಪರೀಕ್ಷೆ ಮತ್ತೆ ಮಾಡಿ. ಎರಡು ಪ್ರತ್ಯೇಕ ಗುಂಪುಗಳಾಗಿದ್ದರೆ ಕೆನ್ನೆ ಬಂದೂಕಿನ ಮೇಲೆ ಎರಡು ಬೇರೆ ಜಾಗದಲ್ಲಿ ಕೂರುತ್ತಿದೆ. ನಾಲ್ಕು ಒಟ್ಟಿಗಿದ್ದು ಒಂದು ಮಾತ್ರ ದೂರ ಹಾರಿದ್ದರೆ ಅದು ಟ್ರಿಗರನ್ನು ಪಟ್ಟನೆ ಎಳೆದದ್ದು, ಬಹುಪಾಲು ನಿಮಗೇ ಆಗಲೇ ಗೊತ್ತಾಗಿರುತ್ತದೆ. ಒಳ್ಳೆಯ ಗ್ರೂಪೇ ಬರಬರುತ್ತ ಕೆಳಕ್ಕಿಳಿಯುತ್ತಿದ್ದರೆ ನಿಮ್ಮನ್ನು ದೂರಿಕೊಳ್ಳುವ ಮುಂಚೆ ಸಿಲಿಂಡರಿನ ಗೇಜ್ ನೋಡಿ, ಗಾಳಿ ಮುಗಿಯುತ್ತ ಬಂದಿರಬಹುದು.

ಗ್ರೂಪ್ ಒತ್ತಾಗಿದ್ದು ಜಾಗ ಮಾತ್ರ ತಪ್ಪಿದ್ದರೆ ಈಗ ಸೈಟ್ ತಿದ್ದಿ. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟ್ ಆ ಕಡೆಗೆ ಸರಿಯಬೇಕು. ಗ್ರೂಪ್ ಎಡಕ್ಕಿದ್ದರೆ ಸೈಟ್ ಬಲಕ್ಕೆ. ಸ್ಕ್ರೂ ಮೇಲಿನ ಬಾಣದ ಗುರುತನ್ನು ಕಣ್ಣುಮುಚ್ಚಿ ನಂಬಬೇಡಿ. ಕೆಲವು ಕಂಪನಿಗಳಲ್ಲಿ ಅದು ಗುಂಡು ಹೋಗಬೇಕಾದ ದಿಕ್ಕು, ಕೆಲವು ಜರ್ಮನ್ ಬಂದೂಕುಗಳಲ್ಲಿ ಗುಂಡು ಬಿದ್ದ ದಿಕ್ಕು. ನಾಲ್ಕು ಕ್ಲಿಕ್ ತಿರುಗಿಸಿ, ಐದು ಗುಂಡು ಹೊಡೆದು, ಎಷ್ಟು ಸರಿಯಿತು ನೋಡಿ ಲೆಕ್ಕ ಹಾಕಿಕೊಳ್ಳಿ.

ಹಂತ 9: ಅಂಕ ಮತ್ತು ವಿರಾಮ

ಏರ್ ರೈಫಲ್ ಟಾರ್ಗೆಟಿನ ಪೂರ್ತಿ ವೃತ್ತ 45.5 ಮಿ.ಮೀ., ಕಪ್ಪು ಭಾಗ 30.5 ಮಿ.ಮೀ. ಹತ್ತರ ಚುಕ್ಕೆ ಬರೀ ಅರ್ಧ ಮಿ.ಮೀ. ನಿಮ್ಮ ಪೆಲೆಟ್ ಅದರ ಒಂಬತ್ತು ಪಟ್ಟು ಅಗಲ. ರಂಧ್ರದ ಅಂಚು ಒಳಗಿನ ಗೆರೆಯನ್ನು ಮುಟ್ಟಿದರೂ ಹೆಚ್ಚಿನ ಅಂಕವೇ ಸಿಗುತ್ತದೆ. ಆಸರೆಯಿಲ್ಲದೆ ನಿಂತು ಹೊಡೆದ ಗುಂಡುಗಳೆಲ್ಲ ಮೊದಲ ದಿನವೇ ಕಪ್ಪಿನೊಳಗೆ ಬಿದ್ದರೆ ಅದು ನಿಜಕ್ಕೂ ಒಳ್ಳೆಯ ಆಟ.

ಸ್ಪರ್ಧೆಯಲ್ಲಿ 60 ಗುಂಡು. ನಿಮಗೆ ಮೊದಲ ದಿನ ಆಸರೆಯಲ್ಲಿ ಹತ್ತು, ನಿಂತು ನಲವತ್ತು ಸಾಕು. ಪ್ರತಿ ಹತ್ತಕ್ಕೆ ಐದು ನಿಮಿಷ ಕೂತು ಬೆನ್ನು ಸಡಿಲಿಸಿ. ಗ್ರೂಪ್ ಹರಡತೊಡಗಿದ ಮೇಲೆ ಹಟದಿಂದ ಹೊಡೆದರೆ ತಪ್ಪನ್ನೇ ರೂಢಿ ಮಾಡಿಕೊಂಡಂತೆ.

ಮಳೆಗಾಲದಲ್ಲಿ, ಚಳಿಯಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ತೇವಕ್ಕೆ ಟಾರ್ಗೆಟ್ ಕಾಗದ ಮೆತ್ತಗಾಗಿ ರಂಧ್ರದ ಅಂಚು ಹರಿಯುತ್ತದೆ, ಗೆರೆ ಮುಟ್ಟಿದೆಯೋ ಇಲ್ಲವೋ ತಿಳಿಯುವುದಿಲ್ಲ. ಕಾಗದವನ್ನು ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಟ್ಟುಕೊಳ್ಳಿ. ಬೆವರಿನ ಕೈ ತಾಗಿದ ಕಬ್ಬಿಣದ ಭಾಗಗಳನ್ನು ಒಂದು ಹನಿ ಎಣ್ಣೆ ಸವರಿದ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಬೆಳಗಾಗುವುದರೊಳಗೆ ತುಕ್ಕಿನ ಚುಕ್ಕೆ ಏಳುತ್ತದೆ. ನಳಿಗೆಯೊಳಗೆ ಎಣ್ಣೆ ಬಿಡುವುದು ನಿಮ್ಮ ಕೆಲಸವಲ್ಲ, ಕೋಚ್‌ಗೆ ಬಿಡಿ. ಡಿಸೆಂಬರ್ ಬೆಳಿಗ್ಗೆ ಬೆರಳು ಮರಗಟ್ಟಿದ್ದರೆ ನೂರು ಗ್ರಾಮಿನ ಟ್ರಿಗರ್ ತಿಳಿಯುವುದೇ ಇಲ್ಲ. ಕೈ ಬೆಚ್ಚಗಾದ ಮೇಲೇ ಮುಟ್ಟಿ.

ಹೋಂಸ್ಟೇಯಲ್ಲಿ ಏರ್‌ಗನ್ ಕೊಟ್ಟರೆ

ಎಷ್ಟೋ ಕಡೆ ಅತಿಥಿಗಳಿಗೆ ಬಲೂನ್, ಬಾಟಲಿ ಹೊಡೆಯಲು ಕೊಡುತ್ತಾರೆ. ಮುಟ್ಟುವ ಮುಂಚೆ ಗುರಿಯ ಹಿಂದೆ ನೋಡಿ. ಏರ್ ರೈಫಲ್ ಪೆಲೆಟ್ ಓರೆಯಾಗಿ ಮೇಲಕ್ಕೆ ಹೋದರೆ ಮುನ್ನೂರು ಮೀಟರ್ ಆಚೆಗೂ ಹೋಗಿ ಬೀಳಬಲ್ಲದು. ಕಾಫಿ ಗಿಡದ ಮರೆಯಲ್ಲಿ ಹಣ್ಣು ಕೊಯ್ಯುತ್ತಿರುವವರು ನಿಮಗೆ ಕಾಣುವುದಿಲ್ಲ. ಮಣ್ಣಿನ ದಿಣ್ಣೆಯೋ, ಮರಳು ತುಂಬಿದ ಚೀಲಗಳ ಗೋಡೆಯೋ ಹಿಂದೆ ಇಲ್ಲದಿದ್ದರೆ ಬೇಡ ಅಂದುಬಿಡಿ. ಗಾಜಿನ ಬಾಟಲಿ, ಕಲ್ಲು, ಕಬ್ಬಿಣದ ತಗಡಿಗೆ ಯಾವತ್ತೂ ಹೊಡೆಯಬಾರದು. ಗಾಜು ಚೂರಾಗಿ ತೋಟದಲ್ಲಿ ಬರಿಗಾಲಿನವರಿಗೆ ಚುಚ್ಚುತ್ತದೆ, ಕಲ್ಲಿಗೆ ಬಡಿದ ಪೆಲೆಟ್ ವಾಪಸ್ಸು ಬರುತ್ತದೆ. ಕುಡಿದವರ ಕೈಗೆ ಗನ್ ಹೋಗುವ ಜಾಗದಿಂದ ಎದ್ದು ಬನ್ನಿ.

ಮುಗಿದ ಮೇಲೆ

ಫ್ಲ್ಯಾಗ್ ಹಾಕಿ, ಬಂದೂಕನ್ನು ಕೋಚ್ ಕೈಗೇ ಒಪ್ಪಿಸಿ. ಏನನ್ನೂ ತಿನ್ನುವ, ಕುಡಿಯುವ ಮುಂಚೆ ಸೋಪು ಹಾಕಿ ಕೈ, ಮುಖ ತೊಳೆಯಿರಿ. ಪೆಲೆಟಿನ ಸೀಸ ವಿಷ, ಬೆರಳಿಗೆ ಅಂಟಿದ ಬೂದುಬಣ್ಣ ಅದೇ. ಪೆಲೆಟನ್ನು ತುಟಿಯ ನಡುವೆ ಇಟ್ಟುಕೊಳ್ಳುವ ಚಾಳಿ ಮಕ್ಕಳಲ್ಲಿ ಕಂಡರೆ ತಕ್ಷಣ ಬಿಡಿಸಿ. ಟಾರ್ಗೆಟ್ ಕಾಗದ ಬಿಸಾಡಬೇಡಿ. ಹಿಂಬದಿಯಲ್ಲಿ ತಾರೀಖು, ಬಂದೂಕಿನ ನಂಬರ್, ಸೈಟ್ ಎಷ್ಟು ಕ್ಲಿಕ್ ಯಾವ ಕಡೆ ತಿರುಗಿಸಿದಿರಿ ಎಂದು ಬರೆದಿಡಿ. ಮುಂದಿನ ಸಲ ಅದೇ ಬಂದೂಕನ್ನೇ ಕೇಳಿ ಪಡೆಯಿರಿ, ಮೊದಲ ಐದು ಗುಂಡು ಹೊಡೆದು ಆ ಗ್ರೂಪನ್ನು ಈ ಕಾಗದದ ಪಕ್ಕ ಇಟ್ಟು ನೋಡಿ.